ಹೊಗೆ ಬಂದರೆ ಮಾತ್ರ

ಬೆಂಕಿ ಬಿದ್ದ ದಿನ ಆ ಮನೆಯ ಬಾಗಿಲು ಒಡೆಯೋಕೆ ಇಪ್ಪತ್ತು ನಿಮಿಷ ಹಿಡಿಯಿತು. ಮಗ ಕೆಲಸಕ್ಕೆ ಹೋಗುವಾಗ ಮುದುಕಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದ್ದ. ಬೀದಿಯ ಜನ ಹಾರೆ ಎಲ್ಲಿ, ಕೊಡಲಿ ಎಲ್ಲಿ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು ಓಡಾಡಿದ್ದೇ ಬಂತು. ಮುದುಕಿ ನಾಲ್ಕನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅಲ್ಲಿಯ ತನಕ ಆ ಬೀದಿಯಲ್ಲಿ ಯಾರ ಮನೆಯ ವಿಷಯಕ್ಕೂ ಯಾರೂ ಹೋಗುತ್ತಿರಲಿಲ್ಲ. ಹಾಗಂದರೆ ಪೂರ್ತಿ ನಿಜವಲ್ಲ ಅನ್ನಿ. ಎಲ್ಲರ ಮನೆಗೂ ಎಲ್ಲರೂ ಕಿವಿ ಹಾಕುತ್ತಿದ್ದರು, ಕೈ ಹಾಕುತ್ತಿರಲಿಲ್ಲ, ಅಷ್ಟೆ. ಮುದುಕಿ ಹೋದ ವಾರಕ್ಕೆ ರಿಟೈರಾದ ಮೇಷ್ಟ್ರ ಮನೆ ಜಗಲಿಯ ಮೇಲೆ ಸಭೆ ಸೇರಿತು. ಬೀದಿಯಲ್ಲಿರೋದು ಮೂವತ್ತೊಂದು ಮನೆ. ಪ್ರತಿ ಮನೆಯವರೂ ತಮ್ಮ ಬೀಗದ್ದೊಂದು ಡೂಪ್ಲಿಕೇಟ್ ಕೀ ಬೀಗದಕ್ಕನ ಅಂಗಡಿಯಲ್ಲಿ ಇಡಬೇಕು ಅಂತ ತೀರ್ಮಾನವಾಯಿತು. ಮೇಷ್ಟ್ರು ಅಧ್ಯಕ್ಷರಾದರು. ಯಾರೂ ಆರಿಸಲಿಲ್ಲ, ಅವರ ಮನೆಯಲ್ಲಿ ಕುರ್ಚಿಗಳು ಜಾಸ್ತಿ ಇದ್ದವು.

ಬೀಗದಕ್ಕನಿಗೆ ಐವತ್ತೆರಡು ವರ್ಷ. ಅಪ್ಪನಿಂದ ಬಂದ ಅಂಗಡಿ, ನಾಲ್ಕಡಿ ಅಗಲ. ಅವಳ ಸೀರೆಯ ಮಡಿಕೆಯಲ್ಲಿ ಯಾವಾಗಲೂ ಹಿತ್ತಾಳೆ ಪುಡಿ. ಕೀ ಕೊರೆಯೋ ಮೆಷಿನ್ನಿನ ಸದ್ದಿನಲ್ಲೇ ಬೆಳೆದಿದ್ದರಿಂದ ಮಾತು ಜೋರು, ಬುದ್ಧಿ ನೆಟ್ಟಗೆ. ಬೀದಿಯವರ ಕೀಗಳನ್ನೆಲ್ಲ ಪುಕ್ಕಟೆ ಕೊರೆದುಕೊಟ್ಟು, ಹಲಗೆಗೆ ಮೊಳೆ ಹೊಡೆದು, ನಂಬರ್ ಬರೆದು ನೇತುಹಾಕಿದಳು. ಎಲ್ಲರೂ ಕೊಟ್ಟರು. ಕೊಡದವನು ಅವಳ ಒಡಹುಟ್ಟಿದ ತಮ್ಮ ಒಬ್ಬನೇ.

ಆ ತಮ್ಮ ಗಡಿಯಾರ ರಿಪೇರಿ ಮಾಡುವವನು. ಹೆಂಡತಿ ಬಿಟ್ಟುಹೋದ ಮೇಲೆ ಒಂಟಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ನನ್ನ ಮನೆ ನನ್ನದು, ಸುಟ್ಟರೆ ನಾನು ಸುಡ್ತೀನಿ ಅನ್ನೋದು ಅವನ ವಾದ. ಪಕ್ಕದ ಗೋಡೆಯಾಚೆ ಎರಡು ಮಕ್ಕಳು ಮಲಗ್ತವಲ್ಲ, ಬೆಂಕಿ ಅವುಗಳನ್ನ ಕೇಳಿಕೊಂಡು ಬರುತ್ತಾ ಅಂತ ಅಕ್ಕ ಗದರಿದಳು. ಮೂರು ದಿನ ಅವನ ಬೆನ್ನು ಬಿಡಲಿಲ್ಲ. ಕೊನೆಗೆ ಅವಳು ತನ್ನ ಮೇಲೆ ಆಣೆ ಇಟ್ಟುಕೊಂಡು, ಹೊಗೆ ಬಂದರೆ ಮಾತ್ರ ನಿನ್ನ ಬಾಗಿಲು ತೆಗೀತೀನಿ, ಇಲ್ಲದಿದ್ದರೆ ದೇವರು ಬಂದು ಹೇಳಿದರೂ ಇಲ್ಲ ಅಂದಾಗ ಅವನು ಕೀ ಕೊಟ್ಟ.

ಒಂದು ವರ್ಷ ಸುಸೂತ್ರವಾಗಿ ನಡೆಯಿತು. ಆಮೇಲೆ ಬೀದಿಯ ನೀರಿನ ಪಂಪಿನ ಮೋಟರ್ ಕಾಣೆಯಾಯಿತು. ಮೂರು ದಿನ ನೀರಿಲ್ಲ. ಕೊಡ ಹಿಡಿದು ನಿಂತವರ ನಡುವೆ ಗುಸುಗುಸು ಶುರುವಾಯಿತು. ಗಡಿಯಾರದವನು ದಿನಾ ಸಂಜೆ ಒಂದು ಬ್ಯಾಗ್ ಹೊತ್ತುಕೊಂಡು ಎಲ್ಲಿಗೋ ಹೋಗ್ತಾನೆ, ಕೇಳಿದರೆ ಹೇಳಲ್ಲ. ಮೋಟರ್ ಹೋದ ಸಂಜೆ ಬ್ಯಾಗ್ ಭಾರ ಇತ್ತು ಅಂತ ಒಬ್ಬ ಅಂದ. ತುಂಬಾ ಭಾರ ಇತ್ತು ಅಂತ ಇನ್ನೊಬ್ಬ ಸೇರಿಸಿದ.

ಸಂಜೆ ಆರಕ್ಕೆ ಜಗಲಿಯ ಮೇಲೆ ಸಭೆ. ಬಾಗಿಲು ತೆಗೆದು ನೋಡಿಬಿಡೋಣ ಅಂತ ಇಪ್ಪತ್ತೆರಡು ಕೈ ಎದ್ದವು. ತಮ್ಮ ಆಗಲೇ ಬ್ಯಾಗ್ ಹಿಡಿದು ಹೊರಟುಹೋಗಿದ್ದ. ಬೇರೆ ಯಾರ ಮನೆಯಾಗಿದ್ದರೂ ಬೀಗದಕ್ಕ ಸೊಂಟಕ್ಕೆ ಕೈ ಕೊಟ್ಟು, ಹೊಗೆ ಎಲ್ಲಿದೆ ತೋರಿಸ್ರಪ್ಪ ಅಂತ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಇದು ತಮ್ಮನ ಮನೆ. ಬೇಡ ಅಂದರೆ ಜನ ಏನಂದಾರು? ಹಾಗೆ ನೋಡಿದರೆ ಮೇಷ್ಟ್ರೇ ತಲೆ ಕೆರೆದುಕೊಂಡು, "ಅವನು ಬರೋ ತನಕ ಕಾಯೋಣ್ವಾ ಅಕ್ಕ?" ಅಂದರು.

"ಬೇರೆಯವರ ಮನೆಯಾಗಿದ್ರೆ ಕಾಯ್ತಿದ್ರಾ ಮೇಷ್ಟ್ರೇ?" ಅಂದವಳು ಅವಳೇ.

ಕೀ ತಂದು, ಎಲ್ಲರಿಗಿಂತ ಮುಂದೆ ಹೋಗಿ, ತಾನೇ ಬಾಗಿಲು ತೆಗೆದಳು. ನ್ಯಾಯ ಮಾಡುತ್ತಿದ್ದೇನೆ ಅನ್ನೋ ಹೆಮ್ಮೆ ಅವಳ ಹೆಜ್ಜೆಯಲ್ಲಿತ್ತು, ಸುಳ್ಳು ಯಾಕೆ ಹೇಳಬೇಕು.

ಒಳಗೆ ಮೋಟರ್ ಇರಲಿಲ್ಲ. ಮಂಚ, ಮೇಜು, ಗೋಡೆಗೆ ಅಂಟಿಸಿದ ಡಾಕ್ಟರ ಚೀಟಿ, ಮಾತ್ರೆಯ ಹಾಳೆಗಳು. ಮೇಜಿನ ತುಂಬ ಗೆರೆ ಎಳೆದ ಕಾಗದಗಳು. ದಿನಕ್ಕೊಂದು, ತಾರೀಕು ಹಾಕಿ ಇಟ್ಟಿದ್ದ. ಪೆನ್ಸಿಲ್ಲಿನಲ್ಲಿ ನೇರ ಗೆರೆ ಎಳೆಯಲು ಹೋಗಿ ಒಂದೊಂದೂ ನಡುಗಿ, ಬಳುಕಿ, ಪಕ್ಕದ ಗೆರೆಯ ಮೇಲೆ ಹತ್ತಿತ್ತು. ಈ ತಿಂಗಳ ಗೆರೆಗಳು ಹೋದ ತಿಂಗಳಿಗಿಂತ ಕೆಟ್ಟಿದ್ದವು. ಬಾಗಿಲಲ್ಲಿ ನಿಂತಿದ್ದ ಏಳೆಂಟು ಜನರೂ ನೋಡಿದರು. ಗಡಿಯಾರದವನ ಕೈ ನಡುಗುತ್ತಿದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಷ್ಟ್ರು ಜಾರಿದ್ದ ಒಂದು ಕಾಗದವನ್ನು ಸರಿಮಾಡಿ ಇಟ್ಟರು, ಎಲ್ಲರೂ ಹೊರಗೆ ಬಂದರು.

ಮೋಟರ್ ಮಾರನೇ ದಿನ ಸಿಕ್ಕಿತು. ಪಂಪಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಬೇಕರಿಯವನು ಸುಟ್ಟುಹೋಗಿದ್ದ ಮೋಟರನ್ನು ಕಾಯಿಲ್ ಕಟ್ಟಿಸಲು ಕಳಿಸಿ, ವಿಷಯ ಹೆಂಡತಿಗೆ ಹೇಳಿ ಊರಿಗೆ ಹೋಗಿದ್ದ. ಅವಳು ಬೀದಿಗೆ ಹೇಳೋದನ್ನೇ ಮರೆತು ತವರಿಗೆ ಹೊರಟಿದ್ದಳು.

ಬಾಗಿಲು ತೆಗೆದಿದ್ದನ್ನು ಬೀಗದಕ್ಕ ತಾನೇ ತಮ್ಮನಿಗೆ ಹೇಳಿದಳು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕೈ ಚಾಚಿ ಕೀ ವಾಪಸ್ ಇಸಕೊಂಡು ಹೋದ. ಸಂಜೆ ಬ್ಯಾಗಿನ ಗುಟ್ಟೂ ಆಮೇಲೆ ತಿಳಿಯಿತು. ನಾಜೂಕು ಕೆಲಸದ ಗಡಿಯಾರಗಳನ್ನು ಊರಿನ ಆ ತುದಿಯಲ್ಲಿದ್ದ ಹಳೇ ಗೆಳೆಯನ ಕೈಲಿ ಮಾಡಿಸಿ ತರುತ್ತಿದ್ದ. ಗಿರಾಕಿಗಳಿಗೆ ಗಡಿಯಾರ ನಡೆದರೆ ಸಾಕಿತ್ತು, ನಡೆಯುತ್ತಲೂ ಇತ್ತು. ಈಗ ಯಾರೂ ಅವನನ್ನು ಹಂಗಿಸಲಿಲ್ಲ, ಆಡಿಕೊಳ್ಳಲಿಲ್ಲ. ಪಾಪ, ಅವನಿಗೆ ಯಾಕೆ ತೊಂದರೆ ಕೊಡೋದು ಅಂತ ಗಡಿಯಾರಗಳನ್ನು ಬೇರೆ ಕಡೆಗೆ ಒಯ್ದರು. ತಿಂಗಳು ಮುಗಿಯೋದರೊಳಗೆ ಅವನ ಗಾಜಿನ ಪೆಟ್ಟಿಗೆಯಲ್ಲಿ ಎರಡು ಗಡಿಯಾರ ಉಳಿದವು, ಒಂದು ಅವನದೇ. ಇಷ್ಟು ಮರುಕದ ಜನಕ್ಕೆ ಒಂದು ಸಂಜೆ ಕಾಯೋಕೆ ಆಗದೇ ಹೋಯಿತಲ್ಲ!

ನಾಚಿಕೆಗೋ ಭಯಕ್ಕೋ, ಹಲವರು ತಂತಮ್ಮ ಕೀ ತೆಗೆದುಕೊಂಡು ಹೋದರು. ಹಲಗೆ ಬೋಳಾಯಿತು. ಎರಡು ತಿಂಗಳಿಗೆ, ಹಾಗೆ ಕೀ ವಾಪಸ್ ಒಯ್ದಿದ್ದ ಒಂದು ಮನೆಯಿಂದ ಗ್ಯಾಸ್ ವಾಸನೆ ಬಂತು. ಮನೆಯವರು ಕೆಲಸಕ್ಕೆ ಹೋಗಿದ್ದರು. ಕಿಟಕಿ ಒಡೆದು ಒಳಗೆ ಇಳಿಯೋಕೆ ಅರ್ಧ ಗಂಟೆ. ಏನೂ ಆಗಲಿಲ್ಲ, ಆದರೆ ಬೀದಿಯ ಕೈಕಾಲು ತಣ್ಣಗಾದವು. ಮತ್ತೆ ಜಗಲಿ, ಮತ್ತೆ ಸಭೆ. ಈ ಸಲ ಮೇಷ್ಟ್ರು ಕಾಗದ ಪೆನ್ನು ಹಿಡಿದು ಕೂತರು. ಎಲ್ಲರ ಮನೆ ಕೀ ಇಡೋಕೆ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಎರಡು ಬೀಗ, ಆ ಬೀಗಗಳ ಕೀ ಒಂದೊಂದು ಇಬ್ಬರ ಹತ್ತಿರ. ಬೆಂಕಿ, ಹೊಗೆ, ಗ್ಯಾಸ್ ಬಿಟ್ಟು ಇನ್ನೇನಕ್ಕೂ ತೆಗೆಯೋ ಹಾಗಿಲ್ಲ, ಎಷ್ಟು ಕೈ ಎದ್ದರೂ ಇಲ್ಲ. ಒಂದು ಕೀ ಬೀಗದಕ್ಕನಿಗೆ, ಇನ್ನೊಂದು ಅವಳ ತಮ್ಮನಿಗೆ ಅಂತ ಎಲ್ಲರೂ ಒಪ್ಪಿದರು. ನೊಂದವನಿಗಿಂತ ಒಳ್ಳೆ ಕಾವಲುಗಾರ ಬೇಕಾ?

ಹೇಳೋಕೆ ಅವಳೇ ಹೋದಳು. ಇದರಿಂದಾದರೂ ತಮ್ಮ ಮೊದಲಿನ ಹಾಗೆ ಮಾತಾಡಿಯಾನು ಅನ್ನೋ ಆಸೆ. ಅವನು ಕೇಳಿಸಿಕೊಂಡ. ಮಡಿಲಲ್ಲಿ ಒಂದು ಕೈಯನ್ನು ಇನ್ನೊಂದು ಹಿಡಿದುಕೊಂಡಿತ್ತು.

"ಬೇಡಕ್ಕ," ಅಂದ. "ಆ ದಿನ ಎರಡನೇ ಕೀ ನನ್ನ ಹತ್ರಾನೇ ಇದ್ದು, ಬೇರೆ ಯಾರದೋ ಮನೆ ತೆಗೆಯೋಕೆ ನೀನು ಬಂದು ಕೇಳಿದ್ರೆ, ಅಕ್ಕ ಕೇಳ್ತಿದ್ದಾಳೆ ಅಂತ ಕೊಟ್ಟುಬಿಡ್ತಿದ್ದೆ. ನಿನ್ನ ಮೇಲೆ ಪ್ರೀತಿ ಇಲ್ಲದವರಿಗೆ ಕೊಡು."

ಅಂಥವರು ಯಾರು ಅಂತ ಅವಳು ಕೇಳಬೇಕಾಗಿರಲಿಲ್ಲ. ರಸ್ತೆಯಾಚೆಯ ಟೈಲರಮ್ಮನಿಗೂ ಅವಳಿಗೂ ಕಸದ ಬುಟ್ಟಿ ಇಡೋ ಜಾಗದ ವಿಷಯಕ್ಕೆ ಹನ್ನೊಂದು ವರ್ಷದಿಂದ ಎಣ್ಣೆ ಸೀಗೆಕಾಯಿ. ಬೀಗದಕ್ಕನಿಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಆದರೂ ಮೇಷ್ಟ್ರಿಗೆ ಟೈಲರಮ್ಮನ ಹೆಸರು ಹೇಳಿದಳು. ಟೈಲರಮ್ಮ ಎರಡನೇ ಬೀಗವನ್ನು ಹತ್ತು ಸಲ ಎಳೆದು ನೋಡಿ, ಬೇರೆ ಅಂಗಡಿಯ ಬೀಗ ತನ್ನಿ, ಇವಳ ಅಂಗಡಿಯದು ಬೇಡ ಅಂದಳು. ತಂದರು.

ಮುಂದಿನ ವಾರ ತಮ್ಮನೇ ಅವಳ ಅಂಗಡಿಗೆ ಬಂದು, ನಡುಗುವ ಕೈಯಿಂದ ತನ್ನ ಮನೆಯ ಕೀಯನ್ನು ಕಟ್ಟೆಯ ಮೇಲೆ ಇಟ್ಟ. ಬೀಗದಕ್ಕನ ಮುಖ ಅರಳಿತು.

"ನಿನಗೆ ಕೊಡ್ತಿರೋದಲ್ಲಕ್ಕ," ಅಂದ ಅವನು. "ಪೆಟ್ಟಿಗೆಗೆ."

ಅವಳು ಹೂಂ ಅಂದು, ಪೆಟ್ಟಿಗೆ ತೆಗೆಸೋಕೆ ಟೈಲರಮ್ಮನನ್ನು ಕರೆಯಲು ರಸ್ತೆ ದಾಟಿದಳು.