ಅಳತೆಯವಳು

ಅವಳು ನೆಲದ ಮೇಲೆ ಮಂಡಿಯೂರಿ, ಚೆಲ್ಲಿದ ಗುಂಡುಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಬಂದಾಗಿನಿಂದ ಯಾರೂ ಅವಳನ್ನು ಮಾತಾಡಿಸಿರಲಿಲ್ಲ. ಅದೇ ಅಂಗಡಿಯಲ್ಲಿ ಹೊಲಿಯುವ ಅವಳ ಅತ್ತಿಗೆ ತಲೆಯೆತ್ತದೆ ಯಂತ್ರ ತುಳಿಯುತ್ತಿದ್ದಳು.

ಹೆಂಗಸರ ಬಟ್ಟೆ ಹೊಲಿಯುವ ಆ ಅಂಗಡಿಯಲ್ಲಿ ಅಳತೆ ತೆಗೆಯುವವಳು ಇವಳೊಬ್ಬಳೇ. ಶಾಲೆ ಬಿಟ್ಟು ಇಲ್ಲಿಗೆ ಸೇರಿದಾಗಿನಿಂದ ಎಲ್ಲರೂ ಅಳತೆಯವಳು ಎಂದೇ ಕರೆಯುತ್ತಿದ್ದರು. ಗಿರಾಕಿಗಳು ಪರದೆಯ ಒಳಗೆ ಹೋಗಿ ಮೇಲಂಗಿ ಕಳಚಿ ನಿಲ್ಲಬೇಕು. ಬಟ್ಟೆಯ ಮೇಲಿಂದ ತೆಗೆದ ಅಳತೆ ಸುಳ್ಳು ಹೇಳುತ್ತದೆ ಎಂಬುದು ಮಾಲಕಿಯ ಕಟ್ಟಳೆ. ಯಾರ ಬೆನ್ನ ಮೇಲೆ ಬಾಸುಂಡೆ, ಯಾರಿಗೆ ಒಂದು ಮೊಲೆ ಇಲ್ಲ, ಯಾರು ಬಸುರಾಗಿಯೂ ಮನೆಯಲ್ಲಿ ಬಾಯಿ ಬಿಟ್ಟಿಲ್ಲ, ಎಲ್ಲ ಇವಳ ಹೊಟ್ಟೆಯಲ್ಲೇ ಇತ್ತು.

ಅತ್ತಿಗೆಯ ಹೊಟ್ಟೆಯಲ್ಲಿ ಒಂದೇ ಒಂದು ಮಾತು ನಿಲ್ಲಲಿಲ್ಲ.

ಇಷ್ಟು ವಯಸ್ಸಾದರೂ ಮುಟ್ಟಾಗಿಲ್ಲವೆಂದು ಅತ್ತಿಗೆಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಗರ್ಭಕೋಶ ಇಲ್ಲ, ವರ್ಣತಂತುಗಳು ಗಂಡಸರಿಗಿರುವಂಥವು, ಆದರೆ ಮೈ ಅವುಗಳ ಮಾತು ಕೇಳದೆ ಹೆಣ್ಣಾಗಿಯೇ ಬೆಳೆದಿದೆ. "ಹುಟ್ಟಿದಾಗಿಂದ ಹೀಗೇ ಇದ್ದೀಯಮ್ಮ. ಇವತ್ತು ಹೊಸದಾಗಿ ಏನೂ ಆಗಿಲ್ಲ. ನೀನು ಯಾರು ಅಂತ ನಿನಗೆ ಗೊತ್ತಲ್ವಾ?"

"ಗೊತ್ತು" ಎಂದಿದ್ದಳು. ಅತ್ತಿಗೆ ಮಾತ್ರ ಡಾಕ್ಟರಮ್ಮ ಹೇಳಿದ್ದನ್ನು ನಿನ್ನೆ ಮಾಲಕಿಯ ಕಿವಿಗೆ ಹಾಕಿದ್ದಳು.

ಪಕ್ಕದ ಬೇಕರಿ ನಡೆಸುವ ಹೆಂಗಸು ಬಟ್ಟೆಯ ಚೀಲ ಹಿಡಿದು ಒಳಗೆ ಬಂದಳು. ಅಳತೆಯವಳು ಎದ್ದು ನಿಂತಳು.

"ನೀನಿರು" ಎಂದಳು ಮಾಲಕಿ. "ಇನ್ಮೇಲೆ ನೀನು ಗುಂಡಿಗೆ ಕಾಜ ಹೊಲಿ. ಅಳತೆ ನಿನ್ನ ಅತ್ತಿಗೆ ತಗೋತಾಳೆ."

"ಯಾಕಮ್ಮ?"

"ನನ್ನ ಬಾಯಲ್ಲಿ ಹೇಳಿಸ್ಬೇಡ. ನಾಳೆ ಇವರ ಮನೆ ಗಂಡಸರು ಬಂದು ಬಾಗಿಲಲ್ಲಿ ನಿಂತ್ರೆ ನಾನೇನು ಉತ್ತರ ಕೊಡ್ಲಿ?"

ಮೂಲೆಯಲ್ಲಿದ್ದ ಇಸ್ತ್ರಿಯವಳು ಕಿಸಕ್ಕೆಂದಳು. "ಒಳ್ಳೇದೇ ಆಯ್ತು ಬಿಡಿ ಅಮ್ಮ. ಬಟ್ಟೆ ಮೂಟೆ ಇಳಿಸೋಕೆ ಆಳು ಹುಡುಕ್ತಿದ್ರಲ್ಲ."

ಯಾರೂ ನಗಲಿಲ್ಲ. ಸುಮ್ಮನಿರೇ ಎಂದು ಯಾರೂ ಗದರಲೂ ಇಲ್ಲ.

ರಾತ್ರಿಯೊಳಗೆ ಊರೆಲ್ಲ ಹಬ್ಬಿದ ಸುದ್ದಿ ಬೇಕರಿಗೂ ಮುಟ್ಟಿರಬೇಕು. ಆ ಹೆಂಗಸು ಚೀಲವನ್ನು ಎಡ ಎದೆಗೆ ಒತ್ತಿಕೊಂಡಳು. "ಹಾಗಾದ್ರೆ ನಿಜಾನಾ? ಇಷ್ಟು ವರ್ಷ ನಾನು ಇದರ ಮುಂದೆ ಬಟ್ಟೆ ಬಿಚ್ಚಿದ್ನಾ?"

ಈ ಅಂಗಡಿಯಲ್ಲಿ ಅಳತೆಯವಳು ಎಂದೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ.

"ಇದರ ಮುಂದೆ ಅಲ್ಲಕ್ಕ, ನನ್ನ ಮುಂದೆ. ಆವತ್ತು ಪರದೆ ಒಳಗೆ ಅತ್ತಿದ್ದೂ ನನ್ನ ಹೆಗಲ ಮೇಲೇ. ಯಾಕೆ ಅತ್ರಿ ಅಂತ ಇಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಒಬ್ಬರಿಗೂ ಗೊತ್ತಿಲ್ಲ."

ಬೇಕರಿಯವಳು ಮುಖ ತಿರುಗಿಸಿದಳು.

"ನಾನು ಕೆಟ್ಟದ್ದಕ್ಕೆ ಹೇಳ್ಲಿಲ್ಲ ಕಣೇ" ಎಂದಳು ಅತ್ತಿಗೆ. "ಪಾಪ ಅನ್ನಿಸ್ತು."

"ಪಾಪ ಅನ್ನಿಸಿದ್ರೆ ಬಾಯಿ ಮುಚ್ಕೊಂಡಿರಬೇಕಿತ್ತು ಅತ್ತಿಗೆ. ನನ್ನ ಮೈ ಏನು ಸಂತೆಗೆ ತಂದ ಸರಕಾ, ಬಂದವರೆಲ್ಲ ಮುಟ್ಟಿ ನೋಡಿ ಬೆಲೆ ಕಟ್ಟೋಕೆ?"

ಮಾಲಕಿ ಕೈ ಚಾಚಿದಳು. ಅಳತೆಯವಳು ಕೊರಳಿನ ಟೇಪನ್ನು ಆ ಕೈಗೆ ಕೊಡದೆ, ಕತ್ತರಿಸುವ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಉದ್ದಕ್ಕೆ ಹಾಸಿದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಪರದೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಮೇಲಂಗಿ ಪರದೆಯ ಸರಳಿನ ಮೇಲೆ ಬಂದು ಬಿತ್ತು.

"ನನಗೂ ಒಂದು ಅಂಗಿ ಹೊಲಿಸ್ಬೇಕು" ಎಂದಳು ಒಳಗಿನಿಂದ. "ಯಾರಾದ್ರೂ ಒಬ್ರು ಬಂದು ಅಳತೆ ತಗೊಳ್ಳಿ."

ಪರದೆಯ ಕೆಳಗೆ ಎರಡು ಬರಿಗಾಲು ಕಾಣುತ್ತಿದ್ದವು.