ಹನ್ನೆರಡು ಅಂಗುಲದ ಕೆಂಪು ಕಂಬ

ಗೋಡೆಯ ಚಾರ್ಟಿನಲ್ಲಿ ಬಿಸಿಲು ಬಿದ್ದ ಕಡೆ ಆ ಕೆಂಪು ಕಂಬ ಇನ್ನೂ ಒಂದಂಗುಲ ಬೆಳೆದ ಹಾಗಿದೆ, ಬೆಳೆಯಲಿ, ನೆಟ್ಟವನು ತಾನೇ, ಈ ಆಸ್ಪತ್ರೆಯ ದಾಖಲೆ ಗುಮಾಸ್ತ, ಅವನು ಎಳೆದ ಗೆರೆ ಕಂಡು ಗೋಡೆಗಳೇ ನೆಟ್ಟಗಾಗುತ್ತವೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನು — ರೋಗಿಗಳು ಚೀಟಿ ಕಿಟಕಿಯಲ್ಲಿ ಎಷ್ಟು ಹೊತ್ತು ಕಾಯುತ್ತಾರೆ, ಒಂದು ಹಿಸ್ಟೋಗ್ರಾಂ ಬರಿ ಅಂದರು ಮೇಲ್ವಿಚಾರಕರು, ಕಂಬಗಳ ಚಿತ್ರ ಅದು, ಕಂಬದ ವಿಸ್ತೀರ್ಣವೇ ಜನರ ಲೆಕ್ಕ, ಚಿಟಿಕೆ ಹೊಡೆಯುವುದರೊಳಗೆ ಬರೆದ, ಐದು ನಿಮಿಷದೊಳಗೆ ಒಳಗೆ ಹೋದವರು ಇಪ್ಪತ್ತು, ಅಗಲ ಒಂದಂಗುಲ, ಎತ್ತರ ಹತ್ತು, ಅಂದರೆ ಚದರಂಗುಲಕ್ಕೆ ಇಬ್ಬರು, ಸರಿ. ಅರ್ಧ ಗಂಟೆಯಿಂದ ಒಂದು ಗಂಟೆ ಕಾದವರು ಇಪ್ಪತ್ತನಾಲ್ಕು, ಮೂವತ್ತು ನಿಮಿಷಕ್ಕೆ ಅಗಲ ಆರಂಗುಲ, ಎತ್ತರ, ಇಪ್ಪತ್ತನಾಲ್ಕರಲ್ಲಿ ಅರ್ಧ ಹನ್ನೆರಡು, ಎಳೆದೇಬಿಟ್ಟ, ಅಗಲದ ಆರರಿಂದ ಭಾಗಿಸಲಿಲ್ಲ, ಆರು ಹನ್ನೆರಡಲ ಎಪ್ಪತ್ತೆರಡು ಚದರಂಗುಲ, ಇಬ್ಬಿಬ್ಬರಂತೆ ನೂರನಲವತ್ತನಾಲ್ಕು ಜನ, ಇಲ್ಲದ ನೂರಿಪ್ಪತ್ತು ರೋಗಿಗಳನ್ನು ಒಂದೇ ಗೆರೆಯಲ್ಲಿ ಹುಟ್ಟಿಸಿದ, ಹೆರಿಗೆ ವಾರ್ಡಿಗೂ ಇಷ್ಟು ಬೇಗ ಆಗದು — ಅಷ್ಟೂ ಜನ ಸಂಜೆ ಪಾಳಿಯ ನರ್ಸಿನ ತಲೆಗೆ ಬಂದರು, ಆ ಕಿಟಕಿ ಅವಳದು, ಚಾರ್ಟಿನ ಮುಂದೆ ನಿಂತು, ಅಣ್ಣಾ, ಇಷ್ಟು ಜನಾನ ನಾನು ಕಾಯಿಸಿದ್ದು, ನಂಗೆ ನೆನಪೇ ಇಲ್ಲ, ಆದ್ರೆ ನೀವು ಬರೆದಿದ್ದು ತಪ್ಪಾಗಲ್ವಲ್ಲ ಅಂದಳು, ಅವನು ಮೀಸೆಯಡಿ ನಕ್ಕ, ಥೂ, ನಕ್ಕ. ಆಮೇಲೆ ಮನೆಯಲ್ಲಿ ಜಂಭದಿಂದ ಚಾರ್ಟಿನ ಕರಡು ತೋರಿಸಿದಾಗ ಮಗಳು, ಅಪ್ಪಾ, ಅಗಲದಿಂದ ಭಾಗಿಸಬೇಕಲ್ವಾ ಅಂದಳು, ಸುಮ್ನೆ ಊಟ ಮಾಡೇ ಅಂದ, ಅವಳು ಮಲಗಿದ ಮೇಲೆ ಕರಡಿನ ಹಿಂದೆ ಭಾಗಿಸಿ ನೋಡಿದ, ಎರಡು, ಮೂರು ದಿನವಾಯಿತು, ಆ ಕರಡು ಇನ್ನೂ ಜೇಬಿನಲ್ಲೇ ಇದೆ.

ಈಗ ಸಭೆ, ಮೇಜಿನ ಮೇಲೆ, ಆ ಚಾರ್ಟನ್ನೇ ನಂಬಿ, ನರ್ಸನ್ನು ಔಷಧಿ ಉಗ್ರಾಣಕ್ಕೆ ತಳ್ಳುವ ಆದೇಶ, ಹದಿನೇಳು ವರ್ಷ ರೋಗಿಗಳ ಮುಖ ನೋಡಿದವಳು ಇನ್ನು ಡಬ್ಬಗಳ ಮುಖ ನೋಡಬೇಕು, ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದರು, ಏಳು, ಏಳೋ ಮಹಾಶೂರ, ಎದ್ದ, ಎದ್ದೇಬಿಟ್ಟ, ಸಾರ್, ತಪ್ಪು ನಂದು, ಆ ಕಂಬ ಎರಡೇ ಅಂಗುಲ ಇರಬೇಕು — ಕೋಣೆಗೆ ಕೋಣೆಯೇ ನಕ್ಕಿತು, ನೆಗಡಿಯಾದರೆ ಸಾವಿನ ಬಾಗಿಲು ತಟ್ಟಿ ಬಂದೆ ಎನ್ನುವವನು, ಗಿಡುಗನ ಗಾತ್ರದ ಸೊಳ್ಳೆ ಹೊಡೆದವನು, ಏನಯ್ಯಾ, ಜನ್ಮದಲ್ಲಿ ಮೊದಲ ಸಲ ಏನನ್ನೋ ಚಿಕ್ಕದು ಮಾಡಿ ಹೇಳ್ತಿದ್ದೀಯ, ಅವಳ ಮೇಲೆ ಕನಿಕರಾನ, ಕೂತ್ಕೋ ಅಂದರು ಮೇಲ್ವಿಚಾರಕರು, ಇಲ್ಲ ಸಾರ್, ಭಾಗಿಸಿ ನೋಡಿ, ಆರರಿಂದ, ಅನ್ನುವಷ್ಟರಲ್ಲಿ ಪೆನ್ನು ಆದೇಶದ ಮೇಲೆ ಸಹಿಯಾಗಿ ಹರಿಯಿತು, ಮೇಜಿನ ಕೊನೆಯಲ್ಲಿ ಕೂತಿದ್ದ ಅವಳೊಬ್ಬಳು ನಗಲಿಲ್ಲ, ಹೆಬ್ಬೆರಳು ತೋರುಬೆರಳು ಎತ್ತಿ ನಡುವೆ ಒಂದಿಷ್ಟು ಜಾಗ ಬಿಟ್ಟು, ಇಷ್ಟೇನಾ ಅಣ್ಣಾ, ಅಂದಳು, ಅವನು ತಲೆಯಾಡಿಸಿದ, ಕೈ ಇಳಿಸಲಿಲ್ಲ ಅವಳು, ಆ ಎರಡು ಬೆರಳು, ನಡುವೆ ಆ ಜಾಗ, ಅಷ್ಟೇ ಅಷ್ಟು ಜಾಗ, ಆ ಎರಡು ಬೆರಳು —