ಕೋಟೆಯ ಕಾಲು ಸಡಿಲವಾದ ಬಗೆ

ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರನನ್ನು ಎಲ್ಲರೂ ಕೋಟೆ ಎನ್ನುತ್ತಿದ್ದರು. ಅವನು ಗೋಲಿನ ಮುಂದೆ ನಿಂತರೆ ಚೆಂಡಿರಲಿ, ಗಾಳಿಯೂ ಅಪ್ಪಣೆ ಕೇಳಿಯೇ ಒಳಗೆ ಹೋಗಬೇಕಿತ್ತು. ಅಂಥ ಕೋಟೆ ಭಾನುವಾರದ ಆಟದಲ್ಲಿ ಹಾರಿ ಇಳಿಯುವಾಗ ಬಲಮಂಡಿ ತಿರುಚಿಕೊಂಡು ಬಿದ್ದ. ಬಿದ್ದ ಸದ್ದಿಗೆ ಮೂರು ಬೀದಿಯ ಕಿಟಕಿಗಳು ಅದುರಿದವು.

ಈಗ ಅವನು ಡಾಕ್ಟರಮ್ಮನ ಕೋಣೆಯಲ್ಲಿ, ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡು ಮಲಗಿದ್ದ. ಮೂಲೆಯ ಕುರ್ಚಿಯಲ್ಲಿ ಹೆಂಡತಿ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಮಂಡಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತೇನೆ, ಗಕ್ಕನೆ ನಿಂತರೆ ಒಳಗಿನ ಲಿಗಮೆಂಟ್ ಗಟ್ಟಿಯಾಗಿದೆ, ಮೇಜಿನ ಡ್ರಾಯರಿನಂತೆ ಜಾರಿ ಬಂದರೆ ಹರಿದಿದೆ. ಹರಿದಿದ್ದರೆ ಆಪರೇಷನ್, ಈ ವಯಸ್ಸಿನಲ್ಲಿ ಆಟಕ್ಕೂ ಬಹುಶಃ ಕೈಮುಗಿದಂತೆಯೇ. ಆದರೆ ಪರೀಕ್ಷೆಗೆ ಕಾಲು ಪೂರ್ತಿ ಸಡಿಲ ಬಿಡಬೇಕು.

ಆಟ ಹೋಗುತ್ತದೆ ಎಂದ ಮೇಲೆ ಸಡಿಲ ಎಲ್ಲಿಂದ ಬರಬೇಕು? ಅವನ ತೊಡೆ ಬಂಡೆಯಾಯಿತು. ಅದರ ಮೇಲೆ ಎರಡಂತಸ್ತಿನ ಮನೆ ಕಟ್ಟಿ ಬಾಡಿಗೆಗೆ ಕೊಡಬಹುದಿತ್ತು. ಡಾಕ್ಟರಮ್ಮ ಎಳೆದ ರಭಸಕ್ಕೆ ಮಂಚವೇ ಎರಡು ಗೇಣು ಮುಂದೆ ಬಂತು, ಮೂಳೆ ಮಾತ್ರ ಮಿಸುಕಲಿಲ್ಲ. ಹೆಂಡತಿ ನಿಟ್ಟುಸಿರು ಬಿಟ್ಟಳು. ತೊಡೆ ಇನ್ನಷ್ಟು ಬಿಗಿಯಿತು. ಡಾಕ್ಟರಮ್ಮನ ಕೈಗೆ ಗುಟ್ಟು ಸಿಕ್ಕಿತು.

"ಅಮ್ಮಾ, ಇವರ ಆಟದ ಬಗ್ಗೆ ಏನಾದ್ರೂ ಒಳ್ಳೇದು ಹೇಳಿ."

ಅವಳು ಯೋಚಿಸಿದಳು. ಯೋಚಿಸಿ ಮುಗಿಯುವಷ್ಟರಲ್ಲಿ ಐಸ್ ಕರಗಿ ನೀರಾಗಿ, ಆ ನೀರೂ ಆರಿತ್ತು. ಮದುವೆಯಾದಾಗಿನಿಂದ ಅವಳು ಒಂದು ಪಂದ್ಯಕ್ಕೂ ಕಾಲಿಟ್ಟವಳಲ್ಲ ಎಂಬುದು ಕೋಟೆಯ ಹಳೆಯ ಕೊರಗು. ಇವಳೇನು ಹೇಳಿಯಾಳು ಎಂದುಕೊಂಡ.

"ಚೆಂಡು ಮುಖಕ್ಕೇ ಬಂದ್ರೂ ಇವರು ಕಣ್ಣು ಮುಚ್ಚಲ್ಲ," ಎಂದಳು. "ಬೇಲಿ ಆಚೆ ನಿಂತು ನೋಡೋ ನಾನೇ ಮುಚ್ಕೋತೀನಿ."

ತೊಡೆ ಬೆಣ್ಣೆಯಾಯಿತು. ಡಾಕ್ಟರಮ್ಮ ತಡಮಾಡದೆ ಎಳೆದರು. ಮೂಳೆ ಕೂದಲೆಳೆಯಷ್ಟು ಸರಿದು ಗಕ್ಕನೆ ನಿಂತಿತು. ಹರಿದಿಲ್ಲ ಎಂದರು, ಒತ್ತಿದಾಗ ನೋಯುವ ಒಳಮಗ್ಗುಲಲ್ಲಿ ಸ್ವಲ್ಪ ಎಳೆತ, ಅಷ್ಟೆ. ಪಟ್ಟಿ ಕಟ್ಟಿಕೊಂಡು, ತೊಡೆಗೆ ಬಲ ಬರುವ ವ್ಯಾಯಾಮ ಮಾಡಿದರೆ ಮತ್ತೆ ಗೋಲಿಗೆ ನಿಲ್ಲಬಹುದು. ಖಾತ್ರಿಗೆ ಎಡಮಂಡಿಯನ್ನೂ ಎಳೆದು ಹೋಲಿಸಬೇಕು.

ಕೋಟೆ ತಕ್ಷಣ ಎಡಗಾಲು ಬಿಗಿ ಮಾಡಿಕೊಂಡು ಹೆಂಡತಿಯ ಕಡೆ ನೋಡಿದ.

"ಇದ್ದಿದ್ದು ಅದೊಂದೇ ರೀ, ಖರ್ಚಾಯ್ತು," ಎಂದಳು ಅವಳು.

ಅವನಿಗೆ ನಗು ಬಂದು ಕಾಲು ತಾನೇ ಸಡಿಲವಾಯಿತು. ಎಳೆದು ನೋಡಿದರೆ ಆ ಮಂಡಿಯ ಲಿಗಮೆಂಟೂ ಗಟ್ಟಿಯೇ. ಡಾಕ್ಟರಮ್ಮ ಕೈ ತೊಳೆಯಲು ಎದ್ದಾಗ ಕೋಟೆ ಮೆಲ್ಲಗೆ ಕೇಳಿಕೊಂಡ.

"ಸೊಂಟಾನೂ ಯಾಕೋ ಹಿಡ್ಕೊಂಡ ಹಾಗಿದೆ ಡಾಕ್ಟ್ರೇ. ಇವಳು ಇಲ್ಲೇ ಇರೋವಾಗ್ಲೇ ಒಂದ್ಸಲ ನೋಡಿಬಿಡಿ."